ಸೂಜಿಗೆ ದಾರ ಪೋಣಿಸಿದ ಕೈ

ಪ್ರತಿ ಭಾನುವಾರ ಬೆಳಿಗ್ಗೆ ಟೈಲರಮ್ಮನ ನಾದಿನಿಯ ಮನೆಯ ಮುಂದಿನ ಕೋಣೆಯಲ್ಲಿ ಕುರ್ಚಿಗಳನ್ನು ಸಾಲಾಗಿ ಹಾಕುತ್ತಿದ್ದರು. ಬರುವವರೆಲ್ಲ ನೋವಿನವರೇ. ಮಂಡಿ ಊದಿದವರು, ಬೆನ್ನು ಬಗ್ಗದವರು, ಮೈಮೇಲೆ ಕೆಂಪು ಚಕ್ಕೆ ಎದ್ದವರು. ಮೇಜಿನ ಮೇಲೆ ಅರಿಶಿನದ ಸತ್ವದ ಪುಡಿ, ಮೀನೆಣ್ಣೆಯ ಗುಳಿಗೆ, ವಿಟಮಿನ್ ಡಬ್ಬಿಗಳು. ನಾದಿನಿ ಅರ್ಧ ಗಂಟೆ ಮಾತಾಡಿ, ಕೊನೆಗೆ ಟೈಲರಮ್ಮನನ್ನು ಮುಂದೆ ಕರೆಯುತ್ತಿದ್ದಳು.

"ಎರಡು ವರ್ಷದ ಹಿಂದೆ ನಮ್ಮತ್ತಿಗೆಗೆ ನೀರಿನ ಲೋಟ ಎತ್ತೋಕೆ ಆಗ್ತಿರಲಿಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ, ನೀವೇ ನೋಡಿ."

ಟೈಲರಮ್ಮ ಎಲ್ಲರೆದುರು ಸಣ್ಣ ಸೂಜಿಗೆ ಒಂದೇ ಸಲಕ್ಕೆ ದಾರ ಪೋಣಿಸಿ ತೋರಿಸುತ್ತಿದ್ದಳು. ಜನ ಚಪ್ಪಾಳೆ ತಟ್ಟುತ್ತಿದ್ದರು. ಅವಳು ಅಲ್ಲಿ ಒಂದು ಸುಳ್ಳನ್ನೂ ಆಡಿದವಳಲ್ಲ, ಏಕೆಂದರೆ ಬಾಯನ್ನೇ ಬಿಡುತ್ತಿರಲಿಲ್ಲ. ಸಂಧಿವಾತಕ್ಕೆ ಡಾಕ್ಟರು ಬರೆದುಕೊಟ್ಟ ಮಾತ್ರೆಯನ್ನು ಅವಳು ವಾರಕ್ಕೊಮ್ಮೆ ತಪ್ಪದೆ ನುಂಗುತ್ತಿದ್ದಳು; ಪುಡಿ ಅದರ ಜೊತೆಗೆ. ಮಾತ್ರೆಯ ವಿಷಯ ಎತ್ತಿದರೆ ಜನಕ್ಕೆ ಗೊಂದಲವಾಗುತ್ತದೆ, ಬೇಡ ಎಂದು ನಾದಿನಿ ಹೇಳಿದ್ದಳು. ಕೈ ಸೆಟೆದು ಹಾಸಿಗೆ ಹಿಡಿದಿದ್ದ ಎಂಟು ತಿಂಗಳು ಅವಳ ತಲೆ ಬಾಚಿ, ಸ್ನಾನ ಮಾಡಿಸಿ, ತುತ್ತು ಕಲಸಿ ಬಾಯಿಗಿಟ್ಟವಳು ಇದೇ ನಾದಿನಿ. ಒಡಹುಟ್ಟಿದವರೂ ಮಾಡದ ಸೇವೆ ಅದು. ಅಂಥವಳ ಮಾತು ಮೀರುವುದು ಹೇಗೆ? ಉಪ್ಪುಂಡ ಮನೆಗೆ ಎರಡು ಬಗೆದ ಹಾಗಾಗುತ್ತದೆ ಎಂದು ಟೈಲರಮ್ಮ ತನಗೆ ತಾನೇ ಹೇಳಿಕೊಂಡಿದ್ದಳು.

ಒಂದು ಭಾನುವಾರ ಹಿಂದಿನ ಸಾಲಿನಲ್ಲಿ ಮಾತಿನಮಲ್ಲಿಯೂ ಕೂತಿದ್ದಳು. ಟೈಲರಮ್ಮನ ಅಂಗಡಿಯಲ್ಲಿ ಹತ್ತು ವರ್ಷದಿಂದ ಕಾಜಾ ಹೊಲಿದು ಗುಂಡಿ ಹಾಕುವ ಕೆಲಸ ಅವಳದು. ಬಾಯಿಗೆ ಬಿಡುವಿಲ್ಲದ ಕಾರಣ ಅಂಗಡಿಯವರೇ ಇಟ್ಟ ಹೆಸರು. ಅವಳಿಗಿದ್ದದ್ದು ಲೂಪಸ್, ಮೈಯನ್ನು ಕಾಯಬೇಕಾದ ಶಕ್ತಿಯೇ ಮೈಮೇಲೆ ತಿರುಗಿ ಬೀಳುವ ಕಾಯಿಲೆ.

ಮರುದಿನ ಅವಳು ಗುಂಡಿ ಹಾಕುತ್ತಾ ಹೇಳಿದಳು, "ಅಕ್ಕಾ, ನಿಮ್ಮ ಕೈ ನೋಡಿ ಹೊಟ್ಟೆಕಿಚ್ಚಾಯ್ತು. ನಾನೂ ಡಬ್ಬಿ ತಗೊಂಡೆ. ಆ ಹಾಳು ಮಾತ್ರೆ ತಿಂದು ತಿಂದು ಮುಖ ಬನ್ನಿನ ಹಾಗೆ ಊದಿದೆ. ಇಬ್ಬರನ್ನ ಕಟ್ಕೊಂಡ ಹಾಗಿದೆ ಅಂತಾನೆ ನನ್ನ ಗಂಡ."

ಟೈಲರಮ್ಮ ನಕ್ಕಳು. ಮಾತ್ರೆ ಬಿಟ್ಟುಬಿಟ್ಟೆಯಾ ಎಂಬ ಪ್ರಶ್ನೆ ನಾಲಿಗೆಯ ತುದಿಗೆ ಬಂತು. ಅಷ್ಟರಲ್ಲಿ ಯಾರೋ ಅಳತೆ ಕೊಡಲು ಬಂದರು. ಅವರು ಹೋದ ಮೇಲೂ ಅವಳು ಕೇಳಲಿಲ್ಲ.

ನಾಲ್ಕು ತಿಂಗಳಿಗೆ ಮಾತಿನಮಲ್ಲಿಯ ಕಾಲು ಊದಿ ಚಪ್ಪಲಿ ಹಿಡಿಸದಾಯಿತು. "ಒಳಗಿನ ಕೆಟ್ಟದ್ದೆಲ್ಲ ಹೊರಗೆ ಬರ್ತಿದೆ, ಹೆದರಬೇಡ" ಎಂದಳು ನಾದಿನಿ. ಮತ್ತೆ ಹದಿನೈದು ದಿನಕ್ಕೆ ಅವಳನ್ನು ಆಸ್ಪತ್ರೆಗೆ ಹೊತ್ತೊಯ್ದರು.

ಟೈಲರಮ್ಮ ಮತ್ತು ನಾದಿನಿ ನೋಡಲು ಹೋದಾಗ ಡಾಕ್ಟರು ಹಾಸಿಗೆಯ ಪಕ್ಕದಲ್ಲೇ ಇದ್ದರು. ರಕ್ತ ಶುದ್ಧಿ ಮಾಡುವ ಯಂತ್ರದ ನಳಿಕೆಯನ್ನು ಮಾತಿನಮಲ್ಲಿಯ ಕತ್ತಿಗೆ ಚುಚ್ಚಿದ್ದರು.

"ಎರಡೂ ಕಿಡ್ನಿ ಹೋಗಿದೆ. ಮಾತ್ರೆ ಯಾಕೆ ಬಿಟ್ರಿ? ಬೇರೆ ಏನು ತಗೊಳ್ತಿದ್ರಿ? ಯಾರು ಹೇಳಿದ್ದು?"

"ಯಾರೂ ಇಲ್ಲ ಡಾಕ್ಟ್ರೇ. ನಾನೇ ಸೋಮಾರಿತನ ಮಾಡಿದೆ."

ಹೇಳುತ್ತಾ ಅವಳು ಟೈಲರಮ್ಮನ ಕಡೆ ನೋಡಿದಳು, ನಿಮ್ಮ ಹೆಸರು ಹೇಳುವುದಿಲ್ಲ ಎಂಬಂತೆ. ನಾದಿನಿ ಟೈಲರಮ್ಮನ ಮೊಣಕೈ ಹಿಡಿದು ಎಳೆದಳು. ಅವಳಿಗೆ ನಿಂತಲ್ಲೇ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ನಾನು, ಡಾಕ್ಟ್ರೇ" ಎಂದಳು. "ನನ್ನ ಕೈ ನೋಡಿ ಮಾತ್ರೆ ಬಿಟ್ಟಳು. ಪುಡಿಯಿಂದ ವಾಸಿಯಾಯ್ತು ಅಂತ ತೋರಿಸಿದೆ. ನಾನು ಮಾತ್ರೆ ಬಿಟ್ಟಿರಲಿಲ್ಲ. ಒಂದು ವಾರಾನೂ ಬಿಟ್ಟಿಲ್ಲ."

"ನಾನೇನು ವಿಷ ಮಾರಿದೀನಾ?" ಎಂದಳು ನಾದಿನಿ. "ನಾನೂ ಅದನ್ನೇ ತಿಂತೀನಿ. ನಿಮ್ಮ ಮಾತ್ರೆಯಿಂದ ಊದಿ, ಕೂದಲುದುರಿ ಅಳ್ತಾ ಬರ್ತಾರಲ್ಲ, ಅವರ ಜೊತೆ ಕೂತು ಮಾತಾಡೋರು ಯಾರಿದ್ರು ಇಲ್ಲಿ?"

ಡಾಕ್ಟರು ನಾದಿನಿಯ ಕಡೆ ತಿರುಗಿದರು. "ಆ ಮಾತು ನಿಜ. ನಮಗೆ ಒಬ್ಬೊಬ್ಬರಿಗೆ ಐದು ನಿಮಿಷ ಸಿಗೋದೇ ಕಷ್ಟ. ವಿಟಮಿನ್ನೋ ಮೀನೆಣ್ಣೆಯೋ ಮಾತ್ರೆ ಜೊತೆ ತಗೋಬಹುದಾ ಅಂತ ಕೇಳಿದ್ರೆ, ನೋಡಿ ಹೇಳ್ತಿದ್ದೆ. ನೀವು ಮಾತ್ರೆಯ ಜಾಗಕ್ಕೇ ಅದನ್ನ ತಂದು ಕೂರಿಸಿದ್ರಿ."

ಮಾತಿನಮಲ್ಲಿ ಟೈಲರಮ್ಮನನ್ನೇ ನೋಡುತ್ತಿದ್ದಳು. "ನಾನು ಪುಡಿ ಸರಿಯಾಗಿ ಕಲಸ್ತಿಲ್ಲ ಅಂದ್ಕೊಂಡಿದ್ದೆ ಅಕ್ಕಾ" ಎಂದಳು. "ಎರಡೆರಡು ಚಮಚ ಹಾಕ್ಕೊಂಡೆ."

ಆಮೇಲೆ ಗೋಡೆಯ ಕಡೆ ತಿರುಗಿದಳು. ಮೂಲೆಯಲ್ಲಿ ಕೂತಿದ್ದ ಅವಳ ತಾಯಿ ಎದ್ದು ಬಂದು ಹಾಸಿಗೆಯ ಸುತ್ತಲಿನ ಪರದೆ ಎಳೆದಳು.

ಮುಂದಿನ ಭಾನುವಾರ ಟೈಲರಮ್ಮ ನಾದಿನಿಯ ಮನೆಗೆ ಹೋಗಲಿಲ್ಲ. ತನ್ನ ಕೈ ನೋಡಿ ಚಪ್ಪಾಳೆ ತಟ್ಟಿದವರ ಮನೆಗಳನ್ನು ಹುಡುಕಿಕೊಂಡು ಹೊರಟಳು. ಮೊದಲ ಮನೆಯಲ್ಲಿ ಬಾಗಿಲು ತೆರೆಯಲಿಲ್ಲ. ಎರಡನೆಯ ಮನೆಯಾಕೆ, "ಮನೆಯವರ ಜೊತೆ ಜಗಳ ಆಡ್ಕೊಂಡು ಹೀಗೆ ಬರ್ತೀರ ಅಂತ ನಿಮ್ಮ ನಾದಿನಿ ಫೋನ್ ಮಾಡಿದ್ರು" ಎಂದಳು. ಮೂರನೆಯವರು ಪೂರ್ತಿ ಕೇಳಿಸಿಕೊಂಡು, ಕೊನೆಗೆ, "ಅವತ್ತು ಯಾಕೆ ಸುಮ್ಮನಿದ್ರಿ?" ಎಂದು ಕೇಳಿದರು.

ನಾಲ್ಕನೆಯದು ಮೂರನೇ ಮಹಡಿ. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ, ತಾನು ಮಾತ್ರೆ ಬಿಟ್ಟಿರಲಿಲ್ಲ ಎಂಬ ಅದೇ ಮಾತುಗಳನ್ನು ಮತ್ತೆ ಹೇಳಿದಳು. ಬಾಗಿಲಲ್ಲಿ ನಿಂತಿದ್ದ ನಿವೃತ್ತ ಮೇಷ್ಟ್ರು ಚೌಕಟ್ಟು ಹಿಡಿದುಕೊಂಡರು. ಅವರ ಕಣಕಾಲು ದಿಂಬಿನಂತೆ ಊದಿತ್ತು.

"ನಾನು ಮಾತ್ರೆ ಬಿಟ್ಟು ಹನ್ನೊಂದು ವಾರ ಆಯ್ತಲ್ಲಮ್ಮಾ."

"ಡಾಕ್ಟರ ಚೀಟಿ ಇದ್ರೆ ತಗೊಳ್ಳಿ ಮೇಷ್ಟ್ರೇ" ಎಂದಳು ಟೈಲರಮ್ಮ. "ನನ್ನ ಭುಜ ಹಿಡ್ಕೊಂಡು ಇಳೀರಿ. ಆಸ್ಪತ್ರೆಗೆ ಹೋಗೋಣ."