ಇಪ್ಪತ್ತಮೂರನೆಯ ಕಟ್ಟಡ

ಪುರಸಭೆಯಲ್ಲಿ ಎದುರಿಗೆ ಸಿಕ್ಕಾಗ ಅವಳನ್ನು ಎಲ್ಲರೂ ‘ಮೇಡಂ’ ಎನ್ನುತ್ತಿದ್ದರು, ಬೆನ್ನ ಹಿಂದೆ ‘ಜಗಳದಕ್ಕ’. ಅವಳಿಗೆ ಎರಡನೆಯದೇ ಹೆಚ್ಚು ಇಷ್ಟ. ಹೊಡೆತ ತಿಂದ ಹೆಂಗಸರನ್ನು ಠಾಣೆಗೆ ಕರೆದೊಯ್ದು, ದೂರು ಬರೆದುಕೊಳ್ಳುವ ತನಕ ಬೆಂಚು ಬಿಟ್ಟೇಳದೆ ಹದಿನೆಂಟು ವರ್ಷ ಕಳೆದವಳು ಅವಳು. ಆ ಹೆಂಗಸರೇ ಮನೆಮನೆ ತಿರುಗಿ ಅವಳನ್ನು ಪುರಸಭೆ ಸದಸ್ಯೆಯಾಗಿ ಗೆಲ್ಲಿಸಿದರು. ಗೆದ್ದ ಮೇಲೆ ಅವಳು ಮೊದಲು ಮಾಡಿಸಿದ ಕೆಲಸ, ಮನೆ ಬಿಟ್ಟು ಬಂದವರಿಗೆ ಪುರಸಭೆಯದೇ ಕಟ್ಟಡದಲ್ಲೊಂದು ತಂಗುಮನೆ. ಅದಕ್ಕೆ ಬೋರ್ಡಿಲ್ಲ. ವಿಳಾಸ ಅಕ್ಕನ ಸ್ವಂತ ತಂಗಿಗೂ ಗೊತ್ತಿಲ್ಲ.

ನಾಲ್ಕು ತಿಂಗಳಿಂದ ಆ ಮನೆಯಲ್ಲಿ ಒಬ್ಬ ಟೈಲರಮ್ಮ ಇದ್ದಳು, ಜೊತೆಗೆ ಒಂಬತ್ತು ವರ್ಷದ ಮಗಳು. ಗಂಡ ಪುರಸಭೆಯದೇ ನೀರಿನ ಟ್ಯಾಂಕರಿನ ಡ್ರೈವರ್. ಆಫೀಸಿನಲ್ಲಿ ದನಿ ಎತ್ತಿದವನಲ್ಲ, ‘ನಮಸ್ಕಾರ ಅಕ್ಕ’ ಎನ್ನದೆ ಮುಂದೆ ಹೋದವನಲ್ಲ. ಮನೆಯಲ್ಲಿ ಹೆಂಡತಿಯ ಬಲಗೈ ಮಣಿಕಟ್ಟು ಮುರಿದಿದ್ದ, ಕತ್ತರಿ ಹಿಡಿಯುವ ಕೈಯನ್ನೇ ನೋಡಿಕೊಂಡು.

ಇನ್ನೊಂದು ಕಡೆ ಅಕ್ಕ ಎರಡು ವರ್ಷದಿಂದ ಒಂದು ಪಟ್ಟು ಹಿಡಿದಿದ್ದಳು. ಪುರಸಭೆಯ ಕಟ್ಟಡಗಳನ್ನು ಸದಸ್ಯರು ಸದ್ದಿಲ್ಲದೆ ನುಂಗುತ್ತಿದ್ದರು. ಒಂದು ಅಧ್ಯಕ್ಷರ ಬಾಮೈದನ ಜಿಮ್ಮಾಗಿತ್ತು, ಇನ್ನೊಂದು ಯಾರದೋ ಸೋದರಳಿಯನ ಗೋದಾಮು. ಎಲ್ಲ ಕಟ್ಟಡಗಳ ಪಟ್ಟಿ, ವಿಳಾಸ, ಬಳಕೆ ಸಮೇತ ನೋಟಿಸ್ ಬೋರ್ಡಿಗೆ ಅಂಟಿಸಬೇಕು, ಒಂದನ್ನೂ ಬಿಡಕೂಡದು ಎಂದು ಗಂಟಲು ಹರಿದುಕೊಂಡಳು. ಅಂಟಿಸಿದ್ದು ಸಂಜೆಯೊಳಗೆ ಮಾಯವಾಗುವುದು ಅಲ್ಲಿನ ಪದ್ಧತಿ, ಅದಕ್ಕೆ ಒಂದು ತಿಂಗಳು ಯಾರೂ ಕೀಳುವಂತಿಲ್ಲ ಎಂದೂ ಸೇರಿಸಿದಳು. ಕೆಳಗೆ ನಿರ್ಣಯ ಮಂಡಿಸಿದವರ ಸಹಿ ಬೇಕು ಎಂದು ಅಧ್ಯಕ್ಷರು ಸೇರಿಸಿದರು. ಸೋಮವಾರ ನಿರ್ಣಯ ಪಾಸಾಯಿತು.

ಅಂದು ಮಧ್ಯಾಹ್ನವೇ ಹೆಡ್‌ಕ್ಲರ್ಕು ಪಟ್ಟಿ ತಂದು ಮುಂದಿಟ್ಟ. ಅಕ್ಕ ಬೆರಳಿಟ್ಟು ಹುಡುಕಿದಳು. ಹತ್ತೊಂಬತ್ತರಲ್ಲಿ ಜಿಮ್ಮು ಇತ್ತು, ಮೂವತ್ತೊಂದರಲ್ಲಿ ಗೋದಾಮು ಇತ್ತು. ಸಿಕ್ಕಿಬಿದ್ದರು ಕಳ್ಳರು ಎಂದು ಒಳಗೊಳಗೇ ನಕ್ಕು ಸಹಿ ಹಾಕಿದಳು. ಶತ್ರುಗಳನ್ನು ಹುಡುಕುವ ಆತುರದಲ್ಲಿ ತನ್ನವರು ಕಣ್ಣಿಗೆ ಬೀಳಲೇ ಇಲ್ಲ. ಬೇರೆಯವರ ಕಾಗದವನ್ನು ಆರು ತಿಂಗಳು ಕಾಯಿಸುವ ಕ್ಲರ್ಕು, ಜಗಳದಕ್ಕನ ಬಾಯಿಗೆ ಹೆದರಿ, ಅಂದೇ ಸಂಜೆ ಅಂಟಿಸಿಬಿಟ್ಟ.

ಮಂಗಳವಾರ ಹತ್ತು ಗಂಟೆಗೆ ಅವಳು ಬೋರ್ಡಿನ ಮುಂದೆ ನಿಂತು ಹೆಮ್ಮೆಯಿಂದ ಓದತೊಡಗಿದಳು. ಇಪ್ಪತ್ತಮೂರನ್ನು ಎರಡು ಸಲ ಓದಿದಳು. ‘ಮಹಿಳೆಯರ ತಂಗುಮನೆ, ಹಳೇ ಪ್ರೆಸ್ಸಿನ ಹಿಂಭಾಗ, ಮೇಲ್ಮಹಡಿ.’

“ಇದ್ಯಾಕ್ರೀ ಹಾಕಿದ್ರಿ?”

“ಒಂದನ್ನೂ ಬಿಡಬಾರದು ಅಂದ್ರಲ್ಲ ಮೇಡಂ,” ಎಂದ ಕ್ಲರ್ಕು. ಪಾಪ, ಅವನ ಮುಖದಲ್ಲಿ ಕಪಟವಿರಲಿಲ್ಲ. ಅವಳು ಪಟ್ಟಿಗೆ ಕೈ ಹಾಕಿದಳು. “ಕೀಳ್ಬೇಡಿ ಮೇಡಂ, ನಿಮ್ಮ ಸ್ಥಾನಕ್ಕೇ ಕುತ್ತು ಬರುತ್ತೆ. ನೀವೇ ಮಾಡಿದ ರೂಲು.”

ಅವಳು ಪರ್ರನೆ ಕಿತ್ತು ಉಂಡೆ ಮಾಡಿದಳು.

“ಕಿತ್ತೇನು ಬಂತು? ನಿನ್ನೆ ಸಂಜೆ ಡ್ಯೂಟಿ ಮುಗಿಸಿ ಸಹಿ ಹಾಕೋಕೆ ಬಂದ ಡ್ರೈವರ್‌ಗಳೆಲ್ಲ ಫೋಟೋ ಹೊಡ್ಕೊಂಡು ಹೋದ್ರು.”

ಅವಳು ಬಿದ್ದೆನೋ ಎದ್ದೆನೋ ಎಂದು ತಂಗುಮನೆಗೆ ಓಡಿದಳು. ಬಾಗಿಲು ತೆರೆದೇ ಇತ್ತು. ಮನೆ ನೋಡಿಕೊಳ್ಳುವ ಅಜ್ಜಿ ಮೆಟ್ಟಿಲ ಮೇಲೆ ಕುಳಿತಿದ್ದಳು. ಹೊಲಿಗೆ ಮಿಷನ್ನಿನ ಸೂಜಿಯಡಿ ಯಾರದೋ ರವಿಕೆಯ ಒಂದು ತೋಳು ಹಾಗೇ ಉಳಿದಿತ್ತು.

“ಬೆಳಗ್ಗೆ ಏಳಕ್ಕೇ ಬಂದ ಕಣಮ್ಮಾ. ಕೂಗಾಡ್ಲಿಲ್ಲ, ಏನಿಲ್ಲ. ಬಾಗಿಲಾಚೆ ನಿಂತು ಫೋನ್ ತೋರಿಸ್ದ. ನಿಮ್ಮಕ್ಕನೇ ಅಡ್ರೆಸ್ ಕೊಟ್ಟಿದಾರೆ, ಸಹಿ ನೋಡು ಅಂದ. ಅವಳು ನೋಡಿದ್ಳು. ಆಮೇಲೆ ಬಟ್ಟೆ ಮಡಚೋಕೆ ಶುರು ಮಾಡಿದ್ಳು.”

“ನೀನಾದ್ರೂ ತಡೀಬಾರದಾ ಅಜ್ಜಿ?”

“ನಾನೂ ನೋಡ್ದೆ ಸಹೀನ,” ಎಂದಳು ಅಜ್ಜಿ, ಬೇರೆಲ್ಲೋ ನೋಡುತ್ತ.

ಠಾಣೆಗೆ ಫೋನ್ ಮಾಡಿದರೆ ಇನ್ಸ್‌ಪೆಕ್ಟರು ಮರ್ಯಾದೆಯಿಂದಲೇ ಮಾತಾಡಿದರು. “ಹೆಂಡ್ತಿ ತಾನಾಗೇ ಗಂಡನ ಜೊತೆ ಹೋಗಿದಾಳೆ. ಏನಂತ ಕೇಸ್ ಬರ್ಕೊಳ್ಲಿ, ನೀವೇ ಹೇಳಿ ಮೇಡಂ.” ಹದಿನೆಂಟು ವರ್ಷದಲ್ಲಿ ಮೊದಲ ಸಲ ಜಗಳದಕ್ಕನಿಗೆ ಜಗಳ ಹೇಗೆ ಶುರು ಮಾಡಬೇಕೆಂದು ತಿಳಿಯಲಿಲ್ಲ.

ಅಲ್ಲಿಂದ ನೇರ ಡ್ರೈವರನ ಮನೆಗೆ ಹೋದಳು. ತಟ್ಟುವ ಮೊದಲೇ ಅವನು ಬಾಗಿಲು ತೆಗೆದ. “ನಮಸ್ಕಾರ ಅಕ್ಕ, ಬನ್ನಿ ಬನ್ನಿ,” ಎಂದು ಕುರ್ಚಿ ಎಳೆದು ಹಾಕಿದ. ನೀರು ತರಲು ಹೆಂಡತಿಗೆ ಹೇಳಿ ಬಾಗಿಲಿಗೆ ಒರಗಿ ನಿಂತ. ಮಗಳು ಮೂಲೆಯಲ್ಲಿ ಚೀಲ ತಬ್ಬಿಕೊಂಡು ಕುಳಿತಿದ್ದಳು.

ಟೈಲರಮ್ಮ ಲೋಟ ಹಿಡಿದು ಬಂದಳು. ಅಕ್ಕ ಅವಳ ಕೈ ಹಿಡಿದಳು. “ನನ್ಜೊತೆ ಬಾ. ಈಗ್ಲೇ ಎದ್ದು ಬಾ. ಇವನ ಮುಂದೇನೇ ಹೇಳ್ತಿದೀನಿ.”

“ಎಲ್ಲಿಗಕ್ಕ?”

ಎಲ್ಲಿಗೆ? ಊರಿನಲ್ಲಿ ಇದ್ದದ್ದೇ ಒಂದು ತಂಗುಮನೆ. “ನಮ್ಮನೆಗೆ,” ಎಂದಳು ಅಕ್ಕ.

“ನಿಮ್ಮನೆ ಇವರಿಗೆ ಗೊತ್ತಿಲ್ವಾ?”

ಡ್ರೈವರ್ ಮುಗುಳ್ನಕ್ಕ. ಅಕ್ಕನಿಗೆ ಅವನ ಕೆನ್ನೆಗೆ ಬಾರಿಸಬೇಕೆನಿಸಿತು. ಬಾರಿಸಿ ತಾನು ಹೊರಟುಹೋಗುವೆ, ಅದರ ಲೆಕ್ಕ ಯಾರ ಮೈಮೇಲೆ ತೀರುತ್ತದೆ ಎಂದು ನೆನೆದು ಕೈ ಕೆಳಗೇ ಉಳಿಸಿಕೊಂಡಳು.

“ನಂಗೆ ಗೊತ್ತಿರ್ಲಿಲ್ಲ ಕಣೇ. ದೇವ್ರಾಣೆಗೂ ಗೊತ್ತಿರ್ಲಿಲ್ಲ. ಪೂರ್ತಿ ಓದದೆ ಸಹಿ ಹಾಕ್ಬಿಟ್ಟೆ.”

ಟೈಲರಮ್ಮ ಅವಳನ್ನೇ ನೋಡಿದಳು. ಆ ನೋಟದಲ್ಲಿ ಸಿಟ್ಟಿನ ಸುಳಿವೂ ಇರಲಿಲ್ಲ. ಇದ್ದಿದ್ದರೆ ಅಕ್ಕ ಹೇಗೋ ತಾಳಿಕೊಳ್ಳುತ್ತಿದ್ದಳು.

“ದೂರು ಕೊಡೋ ದಿನ ನನ್ಗೆ ಒಂದೊಂದು ಸಾಲೂ ಓದಿಸಿದ್ರಿ. ಓದದೆ ಹೆಬ್ಬೆಟ್ಟೂ ಒತ್ಬೇಡ ಅಂದಿದ್ರಿ. ನೀವು ಓದದೆ ಹಾಕ್ತೀರಾ ಅಕ್ಕ?” ಮೆಲ್ಲನೆ ಕೈ ಬಿಡಿಸಿಕೊಂಡಳು. “ಹೋಗ್ಲಿ ಬಿಡಿ. ನಾಲ್ಕು ತಿಂಗಳು ಇಟ್ಕೊಂಡ್ರಿ, ಅದೇ ದೊಡ್ಡದು. ನಿಮ್ಗೂ ಸಾಕಾಗಿರುತ್ತೆ. ನಂಗೇನೂ ಬೇಜಾರಿಲ್ಲ.”

“ಸಾಕಾಗಿಲ್ಲ ಕಣೇ,” ಎಂದಳು ಅಕ್ಕ.

“ನೀರು ಕುಡೀರಿ ಅಕ್ಕ,” ಎಂದ ಡ್ರೈವರ್, ಬಾಗಿಲನ್ನು ಇನ್ನಷ್ಟು ಅಗಲ ತೆರೆಯುತ್ತ.