ಹುಲಿಗೆಮ್ಮನ ಪಾಳಿ

ನಾನು ಒಂದು ಹಾಜರಿ ಪುಸ್ತಕ. ಹುಬ್ಬಳ್ಳಿಯ ಛಾಪಖಾನೆಯೊಂದರಲ್ಲಿ ನನ್ನ ಹಾಳೆಗಳಿಗೆ ಗೆರೆ ಬಿದ್ದು, ನೀಲಿ ರಟ್ಟು ಅಂಟಿತು. ಜೂನ್ ತಿಂಗಳಲ್ಲಿ ಇಳಕಲ್ಲ ಕಡೆಯ ಒಂದು ಸರಕಾರಿ ಶಾಲೆಗೆ ಬಂದೆ. ಅಲ್ಲಿ ಎರಡನೆಯ, ಮೂರನೆಯ ಇಯತ್ತೆಗಳಿಗೆ ಒಂದೇ ಕೋಣೆ, ಒಬ್ಬರೇ ಶಿಕ್ಷಕಿ, ಅಂಗಡಿ ಎಂಬ ಅಡ್ಡಹೆಸರಿನ ಅಕ್ಕೋರು. ಎಡಪುಟದಲ್ಲಿ ಎರಡನೆಯದರ ಹೆಸರುಗಳು, ಬಲಪುಟದಲ್ಲಿ ಮೂರನೆಯದರವು. ಬಂದವರಿಗೆ ನೀಲಿ ಗೆರೆ, ಬಾರದವರಿಗೆ ಕೆಂಪು ಶಾಯಿಯ ‘ಗೈ’.

ನಾನು ಹೇಳಿದ್ದೇ ಸತ್ಯವೆಂಬ ಗರ್ವ ನನಗಿತ್ತು.

ಆಗಸ್ಟ್ ಕೊನೆಗೆ ಅಕ್ಕೋರು ಮೂರನೆಯ ಇಯತ್ತೆಯ ಹುಲಿಗೆಮ್ಮನನ್ನು ಎದ್ದು ನಿಲ್ಲಿಸಿದರು. ನನ್ನನ್ನು ಬಿಡಿಸಿ ಅವಳ ಮುಖಕ್ಕೆ ಹಿಡಿದರು.

“ನೋಡಿಲ್ಲೆ, ಒಂದ ತಿಂಗಳಾಗ ಹನ್ನೆರಡ ದಿನ ಗೈರ! ಸಾಲಿಗೆ ಬರಾಕ ಮೈಭಾರ ಏನ ನಿನಗ?”

ಕೋಣೆಯೆಲ್ಲ ನಕ್ಕಿತು. ಹುಲಿಗೆಮ್ಮ ನನ್ನ ಕೆಂಪು ಅಕ್ಷರಗಳನ್ನೇ ನೋಡುತ್ತ ನಿಂತಳು.

ಡಿಸೆಂಬರಿನಲ್ಲಿ, ಪದೇ ಪದೇ ಗೈರಾಗುವ ಮಕ್ಕಳ ಪಟ್ಟಿ ಕೊಡಬೇಕೆಂದು ಮೇಲಿನಿಂದ ಆದೇಶ ಬಂತು. ಹೆಸರು ಮಾತ್ರವಲ್ಲ, ತಾರೀಖು, ಕಾರಣ ಎಲ್ಲವೂ ಬೇಕು. ಅಕ್ಕೋರು ಹುಲಿಗೆಮ್ಮನ ತಾರೀಖುಗಳನ್ನು ಬರೆದುಕೊಂಡರು. ಆಮೇಲೆ ಎಡಪುಟದಲ್ಲಿದ್ದ ಅವಳ ತಂಗಿ ಸಂಕಮ್ಮನವನ್ನು. ಬರೆಯುತ್ತಿದ್ದ ಕೈ ನಿಂತಿತು. ಅಕ್ಕ ಬಂದ ದಿನ ತಂಗಿ ಇಲ್ಲ. ತಂಗಿ ಬಂದ ದಿನ ಅಕ್ಕ ಇಲ್ಲ. ಜೂನಿನಿಂದ ಒಂದು ದಿನವೂ ಇಬ್ಬರೂ ಕೂಡಿ ಬಂದಿರಲಿಲ್ಲ.

ಅಂದು ಸಂಕಮ್ಮ ಬಂದಿದ್ದಳು.

“ನಿಮ್ಮಕ್ಕ ಎಲ್ಲಿ ಅದಾಳವಾ?”

“ಮನ್ಯಾಗ್ರಿ. ಇವತ್ತ ಅಕಿ ಪಾಳಿ.”

“ಎಂಥಾ ಪಾಳಿ?”

“ಅವ್ವನ್ನ ಕಾಯೂದ್ರಿ. ಅವ್ವಗ ಮೂರ್ಛಿ ಬರ್ತೈತಿ. ಒಮ್ಮಿ ಒಲಿ ಮ್ಯಾಲ ಬಿದ್ದಿದ್ಲು. ಅಪ್ಪ ನಸುಕಿನ್ಯಾಗ ಕಲ್ಲಿನ ಖಣಿಗೆ ಹೊಕ್ಕಾನ್ರಿ.”

ಶಾಲೆ ಬಿಟ್ಟ ಕೂಡಲೆ ಅಕ್ಕೋರು ಅವಳ ಹಿಂದೆಯೇ ಹೊರಟರು. ಗಡಿಬಿಡಿಯಲ್ಲಿ ನಾನೂ ಅವರ ಕಂಕುಳಲ್ಲೇ ಉಳಿದೆ. ಹುಲಿಗೆಮ್ಮ ಮಲಗಿದ್ದ ತಾಯಿಯ ತಲೆಯ ಬಳಿ ಕೂತಿದ್ದಳು. ಅಕ್ಕೋರನ್ನಲ್ಲ, ಮೊದಲು ನನ್ನನ್ನು ನೋಡಿದಳು. ಧಡಕ್ಕನೆ ಎದ್ದು ಎರಡೂ ಕಿವಿ ಹಿಡಿದುಕೊಂಡಳು.

“ನಾಳೆ ಬರ್ತೀನ್ರಿ ಅಕ್ಕೋರ. ಖರೇನ ಬರ್ತೀನಿ. ನಾಳೆ ನನ್ನ ಪಾಳಿ ಸಾಲೀದು.”

ಅಕ್ಕೋರು ನನ್ನನ್ನು ಸೆರಗಿನೊಳಗೆ ಮುಚ್ಚಿಕೊಂಡರು. ಅಲ್ಲೇ ಹರಿದು ಚೂರಾಗಿ ಹೋಗಿದ್ದರೆ ಸಾಕಿತ್ತು ಅನಿಸಿತು ನನಗೆ.

“ನಂದ ತಪ್ಪಾತವಾ. ನಾಳೆ ಎಲ್ಲಾರ ಮುಂದ ಹೇಳತೀನಿ, ಹುಲಿಗೆಮ್ಮ ಮೈಗಳ್ಳಿ ಅಲ್ಲಂತ.”

“ಬ್ಯಾಡ್ರಿ!” ಎಂದು ಹುಡುಗಿ ಅವರ ಕೈ ಹಿಡಿದಳು. “ಯಾಕ ಅಂತ ಕೇಳ್ತಾರ. ಅವ್ವನ ಸುದ್ದಿ ಹೇಳಬ್ಯಾಡ್ರಿ. ಮಂದಿ ನನಗ ನಕ್ರ ನಗಲಿ.”

ಅಕ್ಕೋರು ಆಶಾ ಕಾರ್ಯಕರ್ತೆಯನ್ನು ಕರೆತಂದರು. ತಾಯಿಗೆ ಆಸ್ಪತ್ರೆಯ ಗುಳಿಗೆ ಶುರುವಾಯಿತು. ಹಗಲು ಪಕ್ಕದ ಮನೆಯ ಮುದುಕಿ ಬಂದು ಕೂರತೊಡಗಿದಳು. ಫೆಬ್ರವರಿಯಲ್ಲಿ ಒಂದು ಸೋಮವಾರ ನನ್ನ ಎರಡೂ ಪುಟಗಳಲ್ಲಿ ಅಕ್ಕ-ತಂಗಿ ಇಬ್ಬರಿಗೂ ಮೊದಲ ಸಲ ಒಟ್ಟಿಗೆ ನೀಲಿ ಗೆರೆ ಬಿತ್ತು. ಹುಡುಗಿ ಬೇಡಿಕೊಂಡಂತೆ ಅಕ್ಕೋರು ತರಗತಿಯಲ್ಲಿ ಏನೂ ಹೇಳಲಿಲ್ಲ. ಪಟ್ಟಿಯಲ್ಲೂ ಕಾರಣದ ಜಾಗ ಖಾಲಿ ಬಿಟ್ಟು ಕಳಿಸಿದರು.

ಈಗ ನಾನು ಶಾಲೆಯ ಕಪಾಟಿನ ಕೆಳಗಿನ ಕಟ್ಟಿನಲ್ಲಿದ್ದೇನೆ. ಅಂಚುಗಳನ್ನು ಗೆದ್ದಲು ಮುಟ್ಟಿದೆ. ಯಾರಾದರೂ ಎಂದಾದರೂ ನನ್ನನ್ನು ಬಿಡಿಸಿದರೆ ಹುಲಿಗೆಮ್ಮನ ಹೆಸರಿನ ಮುಂದಿನ ಕೆಂಪು ಗುರುತುಗಳನ್ನು ಎಣಿಸಿ, ಎಂಥ ಸೋಮಾರಿ ಹುಡುಗಿ ಎಂದುಕೊಂಡಾರು. ಗೆದ್ದಲು ಬೇಗ ಬೇಗ ತಿನ್ನಲಿ.