ಕೇಳದೆಯೇ ಒಪ್ಪಿದವರು

ಆ ಹೊಲಿಗೆ ಶೆಡ್ಡಿನಲ್ಲಿ ಒಂದು ಪದ್ಧತಿ. ಹೊಸ ನಿಯಮ ಬಂದರೆ ಮೇಸ್ತ್ರಿ ಬಾಗಿಲಲ್ಲಿ ನಿಂತು, "ಒಪ್ಪದವರು ಮಿಷನ್ ನಿಲ್ಸಿ" ಎಂದು ಕೂಗುತ್ತಾನೆ. ಅಷ್ಟು ಮಿಷನ್‌ಗಳ ಗದ್ದಲದಲ್ಲಿ ಅವನ ಮಾತು ಕೇಳುವುದೆಲ್ಲಿ? ಒಂದೂ ನಿಲ್ಲುವುದಿಲ್ಲ. ಎಲ್ಲರೂ ಒಪ್ಪಿದರು ಎಂದು ಹೊರಟುಹೋಗುತ್ತಾನೆ. ಒಪ್ಪಿಗೆ ಪಡೆಯುವುದು ಎಷ್ಟು ಸುಲಭ ನೋಡಿ!

ಅಲ್ಲಿ ಕಾಲರ್ ಹೊಲಿಯುವ ಅಕ್ಕನಿಗೆ ಗಂಡ ತೀರಿಕೊಂಡ ಮೇಲೆ ಉಳಿದದ್ದು ಬಾಡಿಗೆಯ ಒಂದು ಕೋಣೆ. ಅದನ್ನೂ ಕೆಡವುತ್ತೇನೆ ಎಂದಿದ್ದಾನೆ ಮಾಲೀಕ. ಬೇರೆ ನೆಲೆ ತೋರಿಸದೆ ಬಾಡಿಗೆಯವರನ್ನು ಹೊರಹಾಕಬಾರದು ಎಂಬ ಮಾತನ್ನು ಸಂವಿಧಾನಕ್ಕೆ ಸೇರಿಸಬೇಕೇ ಎಂದು ಭಾನುವಾರ ಎಲ್ಲರೂ ಮತ ಹಾಕಬೇಕಿತ್ತು; ಸಂವಿಧಾನ ತಿದ್ದುವಾಗ ಜನರನ್ನೇ ಕೇಳುವ ದೇಶ ಅದು. ಅದನ್ನು ನೆನಪಿಸಲು ಪಕ್ಕದ ಕೋಣೆಯ ನರ್ಸಮ್ಮ ಬಂದಳು.

"ನಾನು ಬರಲ್ಲ ಕಣೇ," ಎಂದಳು ಅಕ್ಕ. "ಸಂವಿಧಾನ ಬರೆದಾಗ ನಮ್ಮಮ್ಮನ್ನ ಯಾರಾದ್ರೂ ಕೇಳಿದ್ರಾ? ಅವಳು ಯಾರದೋ ಮನೇಲಿ ಪಾತ್ರೆ ಉಜ್ತಾ ಇದ್ಲು. ನಾವೆಲ್ಲ ಒಪ್ಪಿದೀವಿ ಅಂತ ಬರ್ಕೊಂಡ್ರಲ್ಲ, ಅದ್ರಲ್ಲಿ ಅವಳಿದ್ಲಾ?"

ನರ್ಸಮ್ಮ ಬಣ್ಣ ಹಚ್ಚಿ ಮಾತಾಡಲಿಲ್ಲ. "ಇರ್ಲಿಲ್ಲ ಅಕ್ಕಾ. ಬರೆದವರು ಕೆಲವರು, ಅವರನ್ನ ಆರಿಸಿದವರೂ ಕೆಲವರೇ. ನಿಮ್ಮಮ್ಮ ಸುಮ್ನಿದ್ರು ಅಂತ ಒಪ್ಪಿದ್ರು ಅನ್ನೋಕಾಗಲ್ಲ."

"ಮತ್ತೆ?"

"ಆದ್ರೆ ತಿದ್ದೋ ದಾರೀನೂ ಅದರಲ್ಲೇ ಬರೆದಿದಾರೆ. ಈ ಸಲ ನಿಮ್ಮನ್ನ ಕೇಳ್ತಿದಾರೆ. ಮನೇಲಿ ಕೂತ್ರೆ, ನಿಮ್ಮ ಮೇಸ್ತ್ರಿ ಲೆಕ್ಕಾನೇ ಆಗುತ್ತೆ."

"ನನ್ನೊಬ್ಬಳ ಓಟು ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ."

"ಇರ್ಲಿ. ನಿಮಗೇನು ಬೇಕು, ಅದನ್ನ ಹೇಳಿ."

ಅಕ್ಕ ಮುಖ ತಿರುಗಿಸಿದಳು. ಗಂಡ ಹೋದ ಮೇಲೆ ಈ ಪ್ರಶ್ನೆಯನ್ನು ಅವಳಿಗೆ ಯಾರೂ ಕೇಳಿರಲಿಲ್ಲ. ದುಃಖ ಒತ್ತರಿಸಿ ಬಂತು.

"ಈ ಕೋಣೆ ಬೇಕು," ಎಂದಳು.

"ಅದನ್ನೇ ಅಲ್ಲಿ ಹೇಳಿ ಬನ್ನಿ."

ಭಾನುವಾರ ನರ್ಸಮ್ಮನಿಗೆ ಡ್ಯೂಟಿ ಬಿತ್ತು. ಅಕ್ಕ ಒಬ್ಬಳೇ ಹೋದಳು. ಸಾಲಿನಲ್ಲಿ ಹಿಂದೆ ಮುಂದೆ ಎಲ್ಲರೂ ಮನೆಯವರೊಂದಿಗೆ ಹರಟುತ್ತಿದ್ದರು. ಅವಳು ಯಾರ ಜೊತೆಗೂ ಇರಲಿಲ್ಲ. ಮತ ಹಾಕಿದಳು. ಕೋಣೆ ಉಳಿಯುತ್ತದೋ ಇಲ್ಲವೋ, ಅದಿನ್ನೂ ಗೊತ್ತಿಲ್ಲ.

ಮನೆಗೆ ಬಂದು ಬೀಗ ತೆಗೆಯಲು ಹೋದವಳು ಕೈ ತಡೆದಳು. ಒಳಗೆ ಯಾರಿದ್ದಾರೆ, ಯಾರಿಗೆ ಹೇಳಬೇಕು? ಮಹಡಿ ಹತ್ತಿ, ಎದ್ದು ಓಡಾಡಲು ಕಷ್ಟಪಡುವ ಒಂಟಿ ತಾತನ ಬಾಗಿಲು ತಟ್ಟಿದಳು.

"ತಾತಾ, ನಿಮ್ಮನ್ನ ಯಾರಾದ್ರೂ ಕೇಳಿದ್ರಾ? ಸಂಜೆವರೆಗೂ ಟೈಮಿದೆ. ಕೈ ಹಿಡ್ಕೊಳ್ಳಿ, ನಿಧಾನಕ್ಕೆ ಹೋಗೋಣ."

ಓದುಗರೇ, ಅಂಥ ಬಾಗಿಲು ನಿಮ್ಮ ಬೀದಿಯಲ್ಲೂ ಇದೆ. ಮತ ಹಾಕಲು ಹೊರಟಾಗ ಅದನ್ನೊಮ್ಮೆ ತಟ್ಟಿ. ಅವರು ನಿಮ್ಮ ಹಾಗೆಯೇ ಮತ ಹಾಕಬೇಕಿಲ್ಲ. ಅವರಿಗೇನು ಬೇಕು ಎಂದು ಒಬ್ಬರಾದರೂ ಕೇಳಬೇಕು. ಆ ಒಬ್ಬರು ನೀವಾಗಿ.